ಸಿಂಗಪುರಕ್ಕೆ ದಾರಿ ಹಾಕಿಕೊಟ್ಟ ಬೀಗಿತ್ತಿ

ಕಳೆದ ವಾರ ಮೊಮ್ಮಗಳು ತಲೆಗೆ ಹಚ್ಚಿಕೊಳ್ಳಲು ಔಡಲ ಎಣ್ಣೆಯ ಬಾಟಲಿ ಬಿಚ್ಚಿದಳು. ಕೂದಲು ಉದುರುತ್ತಿದೆಯಂತೆ, ಈ ಎಣ್ಣೆ ಒಳ್ಳೆಯದು ಎಂದು ಮೊಬೈಲಿನಲ್ಲಿ ಯಾರೋ ಹೇಳಿದರಂತೆ. ಅದನ್ನೇ ನಾನು ಅವಳು ಹುಟ್ಟಿದಾಗಿನಿಂದ ಹೇಳುತ್ತಾ ಬಂದಿದ್ದೆ. ನನ್ನ ಮಾತಿಗೆ ಮೊಬೈಲಿನಷ್ಟು ಬೆಲೆ ಇಲ್ಲ, ಇರಲಿ. ಔಡಲ ಎಣ್ಣೆ ಎಂದರೆ ಹರಳೆಣ್ಣೆ, ಅದರ ವಾಸನೆ ಒಳ್ಳೆಯ ವಾಸನೆಯೇನಲ್ಲ. ಮಂದವಾಗಿ ಬಂದು ಮೂಗಿನೊಳಗೆ ಕುಳಿತರೆ ಸಂಜೆಯ ತನಕ ಏಳುವುದಿಲ್ಲ. ಅದು ಮೂಗಿಗೆ ಬಡಿದ ಕೂಡಲೇ ನಾನು ನನ್ನ ಎರಡೂ ಕೈ ಚಾಚಿ ಬೆರಳು ನೋಡಿಕೊಂಡೆ. ಯಾಕೆ ನೋಡಿಕೊಂಡೆ ಎಂದು ಆಮೇಲೆ ಹೊಳೆಯಿತು. ಬೀಗಿತ್ತಿ ನೆನಪಾಗಿದ್ದಳು.

ಬೀಗಿತ್ತಿ ಎಂದರೆ ನನ್ನ ಸೊಸೆಯ ತಾಯಿ. ಕಂಪ್ಲಿ ಕಡೆಯ ಮೆಟ್ರಿಯವಳು. ಅಲ್ಲಿ ಕಾಲುವೆ ನೀರಿನ ಗದ್ದೆಗಳಲ್ಲಿ ನೆಲ್ಲು ನಾಟಿ ಮಾಡುವ ಹೆಣ್ಣಾಳುಗಳ ಗುಂಪಿಗೆ ಆಕೆ ಮೇಸ್ತ್ರಿ. ಇಪ್ಪತ್ತು ಹೆಂಗಸರು ಆಕೆಯ ಒಂದು ಕೂಗಿಗೆ ಗದ್ದೆಗೆ ಇಳಿಯುತ್ತಿದ್ದರು, ಒಂದು ಕೂಗಿಗೆ ಸೊಂಟ ಎತ್ತುತ್ತಿದ್ದರು. ಕುಳ್ಳಗೆ, ಗಟ್ಟಿಮುಟ್ಟಾಗಿದ್ದಳು. ಕಾಲಿನ ಹಿಮ್ಮಡಿ ನೀರಿನಲ್ಲಿ ನಿಂತು ನಿಂತು ಒಡೆದು ಹೋಗಿತ್ತು. ಧ್ವನಿ ಮಾತ್ರ ನಾಲ್ಕು ಗದ್ದೆಮಡಿ ದಾಟಿ ಹೋಗುವಂಥದ್ದು. ಮನೆಯೊಳಗೆ ಕುಳಿತು ಮಾತಾಡಿದರೂ ಗದ್ದೆಯ ಬದುವಿನ ಮೇಲೆ ನಿಂತವಳ ಹಾಗೆಯೇ ಮಾತಾಡುತ್ತಿದ್ದಳು.

ನನ್ನದು ಕಡ್ಡಿರಾಂಪುರದಲ್ಲಿ ಹಂಪಿ ರಸ್ತೆಯ ಪಕ್ಕದ ಮಿರ್ಚಿ ಅಂಗಡಿ. ತಗಡಿನ ಚಪ್ಪರ, ಎರಡು ಬೆಂಚು, ಒಂದು ದೊಡ್ಡ ಬಾಣಲೆ. ಬೆಳಿಗ್ಗೆ ಮಂಡಕ್ಕಿ ಒಗ್ಗರಣೆ, ಹೊತ್ತು ಏರಿದರೆ ಮಿರ್ಚಿ ಬಜ್ಜಿ. ಗಂಡ ತೀರಿಕೊಂಡ ವರ್ಷ ನಾನು ಹಾಕಿದ ಅಂಗಡಿ ಅದು, ಇವತ್ತಿಗೂ ಇದೆ. ಮಗ ದೋಣಿಮಲೈ ಗಣಿಯಲ್ಲಿ ಡಂಪರ್ ಓಡಿಸುತ್ತಾನೆ. ಹೆಂಡತಿ, ಮಗಳು, ಮಗನ ಜೊತೆ ಅಲ್ಲಿನ ಕ್ವಾರ್ಟರ್ಸಿನಲ್ಲಿ ಇರುತ್ತಾನೆ. ಭಾನುವಾರ ಎಲ್ಲರೂ ನನ್ನಲ್ಲಿಗೆ ಬರುತ್ತಾರೆ. ಮಗಳನ್ನು, ಮೊಮ್ಮಕ್ಕಳನ್ನು ನೋಡಲು ಬೀಗಿತ್ತಿಯೂ ಭಾನುವಾರ ಬರುತ್ತಿದ್ದಳು. ಮೆಟ್ರಿಯಿಂದ ಕಂಪ್ಲಿ, ಕಂಪ್ಲಿಯಿಂದ ಹೊಸಪೇಟೆ, ಅಲ್ಲಿಂದ ಹಂಪಿ ಬಸ್ಸು. ಉಂಡು, ಸಂಜೆಯ ಬಸ್ಸಿಗೆ ತಿರುಗಿ ಹೋಗುತ್ತಿದ್ದಳು. ಮಗಳನ್ನು ಕೊಟ್ಟ ಮನೆಯಲ್ಲಿ ಬೀಗರು ಉಣ್ಣಬಹುದು, ಉಳಿಯಬಾರದು ಎಂಬುದು ನಮ್ಮಲ್ಲಿ ಹಿಂದಿನಿಂದ ಬಂದದ್ದು.

ನಮ್ಮಿಬ್ಬರಿಗೆ ಅಷ್ಟೇನೂ ಕೂಡುತ್ತಿರಲಿಲ್ಲ. ಜಗಳವೂ ಇರಲಿಲ್ಲ. “ಏನ್ರಿ ಯಕ್ಕಾ, ಮಿರ್ಚಿಯೊಳಗ ಮೆಣಸಿನಕಾಯಿ ಹಾಕೀರೋ, ಬರೀ ಗಾಳಿ ತುಂಬೀರೋ?” ಎಂದು ಆಕೆ ಬೆಂಚಿನ ಮೇಲಿದ್ದ ಗಿರಾಕಿಗಳ ಮುಂದೆಯೇ ಕೇಳುತ್ತಿದ್ದಳು. “ನಿಮ್ಮೂರಾಗ ಮೂರು ಹೊತ್ತು ಅನ್ನ ಉಂಡೋರಿಗೆ ಖಾರ ಹ್ಯಾಂಗ ಗೊತ್ತಾಗಬೇಕು ಬೀಗಿತ್ತಿ?” ಎಂದು ನಾನು ಅನ್ನುತ್ತಿದ್ದೆ. ಬೀಗರು ಎಂದ ಮೇಲೆ ಇಷ್ಟು ಇರಬೇಕು.

ಇದು ಏಳು ವರ್ಷದ ಹಿಂದಿನ ಮಾತು. ಮೊಮ್ಮಗಳಿಗೆ ಆಗ ಒಂಬತ್ತು, ಮೊಮ್ಮಗನಿಗೆ ನಾಲ್ಕು. ದೀಪಾವಳಿ ಕಳೆದ ಮೇಲೆ ಒಂದು ಭಾನುವಾರ ಮಗ ಉಣ್ಣುತ್ತಾ ಕುಳಿತವನು, “ಅವ್ವಾ, ಈ ಬ್ಯಾಸಿಗಿ ರಜಕ್ಕ ಸಿಂಗಪುರಕ್ಕ ಹೋಗೋಣು” ಅಂದ. ಅಲ್ಲಿಯ ತನಕ ನಮ್ಮ ಮನೆಯವರು ಹೋದ ದೂರ ಎಂದರೆ ತಿರುಪತಿ. ಅದೂ ಬಸ್ಸಿನಲ್ಲಿ. ಸಿಂಗಪುರದಲ್ಲಿ ಸಮುದ್ರದ ನಡುವಿನ ದ್ವೀಪದಲ್ಲಿ ಆಟಕ್ಕೆಂದೇ ಒಂದು ಊರು ಕಟ್ಟಿದ್ದಾರಂತೆ. ಕೋಟೆ, ಗುಡ್ಡ, ಹೊಳೆ, ದೋಣಿ ಎಲ್ಲ ಇದೆಯಂತೆ. ಇರಲು ಹೋಟೆಲ್ಲೂ ಅಲ್ಲೇ. ಮೊಮ್ಮಗಳು ಮೊಬೈಲಿನಲ್ಲಿ ಕೋಟೆ ತೋರಿಸಿದಳು. ಬಣ್ಣ ಬಳಿದ ಕೋಟೆ. ಹಂಪಿಯ ನಿಜವಾದ ಕೋಟೆ ನೋಡಲು ಲೋಕದ ಜನ ವಿಮಾನ ಹತ್ತಿ ಬಂದು ನನ್ನ ಅಂಗಡಿ ಮುಂದೆ ಹಾದು ಹೋಗುತ್ತಾರೆ, ನಾವು ಬಣ್ಣದ ಕೋಟೆ ನೋಡಲು ಅತ್ತ ಹೋಗುವುದು... ಹೀಗೆ ಅಂದೆ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ನಿಜ ಹೇಳಬೇಕೆಂದರೆ ನನಗೂ ಹೋಗಬೇಕು ಎನ್ನಿಸಿತ್ತು.

ಅಲ್ಲಿನ ಒಂದು ಕೋಣೆಯಲ್ಲಿ ಐದು ಜನ ಇರಬಹುದು. ಎರಡು ದೊಡ್ಡ ಹಾಸಿಗೆ, ಜೊತೆಗೆ ಒಂದು ಸಣ್ಣ ಹಾಸಿಗೆ ಹಾಕಿಕೊಡುತ್ತಾರೆ. ಎರಡನೆಯ ಕೋಣೆ ಮಗನ ಕೈಲಾಗುವ ಮಾತಲ್ಲ. ಗಂಡ, ಹೆಂಡತಿ, ಮಕ್ಕಳಿಬ್ಬರು ಸೇರಿ ನಾಲ್ಕು ಜನ ಆದರು. ಉಳಿದದ್ದು ಸಣ್ಣ ಹಾಸಿಗೆ.

ಎಲೆ ಅಡಿಕೆ ಮಡಿಸುತ್ತಿದ್ದ ಬೀಗಿತ್ತಿ ತಲೆ ಎತ್ತಿ ಕೇಳಿದಳು. “ಆ ಐದನೇ ಹಾಸಿಗಿ ಯಾರಿಗ್ರಿ ಅಳಿಯಂದ್ರ?”

ಮಗ ಉಣ್ಣುವುದನ್ನು ನಿಲ್ಲಿಸಿದ. ಸೊಸೆ ತಟ್ಟೆ ನೋಡಿದಳು. ನಾನೇ ಹೇಳಿದೆ. “ಯಾರಿಗಂದ್ರ ಏನ್ ಬೀಗಿತ್ತಿ? ಹೆತ್ತವ್ವ ನಾ ಬದುಕೀನಲ್ಲ.”

“ಹೌದ್ರಿ ಯಕ್ಕಾ. ಸುಮ್ನ ಕೇಳಿದೆ” ಎಂದು ಎಲೆ ಬಾಯಿಗೆ ಹಾಕಿಕೊಂಡಳು.

ಸುಮ್ಮನೆ ಕೇಳಿರಲಿಲ್ಲ. ಅದು ನನಗೂ ಗೊತ್ತಾಯಿತು, ಎಲ್ಲರಿಗೂ ಗೊತ್ತಾಯಿತು. ನಮ್ಮ ಕಾಲದ ಹೆಂಗಸರು ಬೇಕು ಎಂದು ಬಾಯಿ ಬಿಟ್ಟು ಕೇಳುವವರಲ್ಲ. ಆಕೆ ಕೇಳಿದಳು. ಅದೇ ನನಗೆ ಹಿಡಿಸಲಿಲ್ಲ.

ಮುಂದಿನ ಭಾನುವಾರ ಮೊಮ್ಮಗಳು ಆ ಆಟದ ಊರಿನ ನಕ್ಷೆಯನ್ನು ಹಳೆಯ ಕ್ಯಾಲೆಂಡರಿನ ಹಿಂಬದಿಗೆ ಬರೆದುಕೊಂಡು ಬಂದಳು. ನಡುವೆ ಕೆರೆ, ಸುತ್ತಲೂ ಆಟಗಳು. ಮಗ ಹೋಗುವ ಟಿಕೆಟ್ಟು, ಬರುವ ಟಿಕೆಟ್ಟು ಎನ್ನುತ್ತಿದ್ದ. ಸೊಸೆ ಚಪ್ಪಲಿ, ಬಟ್ಟೆ ಎನ್ನುತ್ತಿದ್ದಳು. ಬೀಗಿತ್ತಿ ಮಾತ್ರ ನಕ್ಷೆಯ ಮುಂದೆ ಚಕ್ಕಂಬಕ್ಕಳ ಹಾಕಿ ಕುಳಿತಳು. ಓದು ಬರದು. ಆದರೆ ಚಿತ್ರ ನೋಡಿ ನೆನಪಿಟ್ಟುಕೊಳ್ಳುವುದರಲ್ಲಿ ಆಕೆಯನ್ನು ಮೀರಿಸುವವರಿರಲಿಲ್ಲ.

“ಬಾಗಲಾ ಎಷ್ಟು ಅದಾವವ್ವಾ?”

“ಒಂದ ಅಜ್ಜಿ.”

“ಒಂದ ಬಾಗಲಂದ್ರ ಒಳಗ ಬಂದೋರೆಲ್ಲ ಮದಲ ಎಲ್ಲಿಗೆ ಓಡ್ತಾರ?”

“ಮುಂದ ಇರೋದಕ್ಕ.”

“ಹಂಗಾರ ಅದನ್ನ ಬಿಡ್ರಿ. ಎಲ್ಲಾರೂ ಇಲ್ಲಿ ತುಳಿದಾಡೋವಾಗ ನಾವು ತುದಿ ಮಡಿಗೆ ಹೋಗಿಬಿಡೋಣು. ಅಲ್ಲಿಂದ ಹಿಂದ್ ಹಿಂದಕ್ಕ ಹಚ್ಚಿಕೋತ ಬಂದ್ರ ಸಂಜಿಗೆ ಬಾಗಲದಾಗ ಇರ್ತೀವಿ.”

ನಾಟಿ ಮಾಡುವವರು ಹಿಂದಕ್ಕೆ ಹೆಜ್ಜೆ ಇಡುತ್ತಾ ಬರುತ್ತಾರೆ. ಮುಂದಕ್ಕೆ ಹೋದರೆ ಈಗ ಹಚ್ಚಿದ ಸಸಿಯನ್ನೇ ತುಳಿಯಬೇಕಾಗುತ್ತದೆ. ದೊಡ್ಡ ಹೊಲವಾದರೆ ಆಕೆ ತನ್ನ ಗುಂಪನ್ನು ಬೆಳಗಿನ ತಂಪಿನಲ್ಲಿ ದೂರದ ಮಡಿಗೇ ಇಳಿಸುತ್ತಿದ್ದಳು. ಬಿಸಿಲೇರಿ ಕಾಲು ಸೋಲುವ ಹೊತ್ತಿಗೆ ರಸ್ತೆಯ ಹತ್ತಿರದ ಮಡಿಗೆ ಬಂದಿರಬೇಕು. ಅದೇ ಲೆಕ್ಕವನ್ನು ಆಟದ ಊರಿಗೂ ಹಾಕಿದಳು. ಎಲ್ಲರೂ ಮಧ್ಯಾಹ್ನ ಉಣ್ಣಲು ಕೂರುತ್ತಾರೆ, ನೀವು ಅದಕ್ಕೂ ಮುಂಚೆಯೇ ಬುತ್ತಿ ಬಿಚ್ಚಿರಿ, ಅವರು ಉಣ್ಣುವಾಗ ನೀವು ಆಡಿರಿ ಎಂದಳು. ಮೊಮ್ಮಗ ಗಿಡ್ಡ, ದೊಡ್ಡ ಆಟಕ್ಕೆ ಅವನನ್ನು ಬಿಡುವುದಿಲ್ಲ ಎಂದು ಮಗ ಹೇಳಿದ. ಅದಕ್ಕೂ ಆಕೆಯ ಬಳಿ ದಾರಿ ಇತ್ತು. ಗುಂಪಿನಲ್ಲಿ ಹಾಲು ಕುಡಿಯುವ ಕೂಸಿನ ತಾಯಂದಿರು ಇದ್ದರೆ ಒಬ್ಬಳು ಬದುವಿನ ಮೇಲೆ ಕೂಸು ನೋಡಿಕೊಂಡು ಕೂರುತ್ತಾಳೆ, ಇನ್ನೊಬ್ಬಳು ಹಚ್ಚುತ್ತಾಳೆ, ಆಮೇಲೆ ಬದಲಿ. ಹಾಗೆ ಬದಲಿ ಮಾಡಿಕೊಳ್ಳಿರಿ ಎಂದಳು.

“ಏನ್ ಬೀಗಿತ್ತಿ, ಸಿಂಗಪುರದಾಗೂ ಸಸಿ ಹಚ್ಚಾಕ ಹೊಂಟೀರೇನು?” ಎಂದು ನಾನು ಒಲೆಯ ಹತ್ತಿರದಿಂದ ಕುಟುಕಿದೆ.

“ಯಾಕ್ರೀ ಯಕ್ಕಾ, ಅಲ್ಲಿಯೋರು ಅನ್ನ ಉಣ್ಣಂಗಿಲ್ಲೇನು?” ಅಂದಳು. ಎಲ್ಲರೂ ನಕ್ಕರು. ಆಕೆ ಮಾತಿಗೊಮ್ಮೆ ‘ನಾವು’ ಎನ್ನುತ್ತಿದ್ದದ್ದು ನನ್ನ ಕಿವಿಗೆ ಬಿದ್ದಿತ್ತು. ನಾನು ನಗಲಿಲ್ಲ.

ಹೀಗೆ ಏಳೆಂಟು ಭಾನುವಾರ ಕಳೆದವು. ಹೋಗುವವಳು ನಾನು, ದಾರಿ ಕಲಿತದ್ದು ಆಕೆ. ಕೋಟೆಯಿಂದ ದೋಣಿಗೆ ಎಷ್ಟು ದೂರ, ನೆರಳು ಎಲ್ಲಿ, ಕುಡಿಯುವ ನೀರು ಎಲ್ಲಿ, ಎಲ್ಲ ಬಾಯಿಪಾಠ. ನನಗೆ ಹೋಟೆಲ್ಲಿನ ಹೆಸರೂ ನೆನಪಿರುತ್ತಿರಲಿಲ್ಲ.

ಸಂಕ್ರಾಂತಿಯ ಹಿಂದಿನ ಭಾನುವಾರ ಮಗ ನನ್ನ ಪಾಸ್‌ಪೋರ್ಟಿನ ಮಾತು ತೆಗೆದ. ಮುಂದಿನ ವಾರವೇ ಹೋಗಬೇಕು, ಮಾಡಿಸಲು ಇನ್ನು ತಡ ಮಾಡುವಂತಿಲ್ಲ ಅಂದ. ಆಗ ಬೀಗಿತ್ತಿ ತನ್ನ ಎಲೆಚೀಲದಿಂದ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಒಂದು ಪುಸ್ತಕ ತೆಗೆದು ಬೆಂಚಿನ ಮೇಲಿಟ್ಟಳು. ನೀಲಿ ಪಾಸ್‌ಪೋರ್ಟು. “ನಂದೂ ಮಾಡಿಸಿಟ್ಟೀನ್ರಿ. ಇರ್ಲಿ ಅಂತ” ಅಂದಳು. ಸುಗ್ಗಿ ಮುಗಿದು ನಾಟಿ ಶುರುವಾಗುವ ನಡುವಿನ ಬಿಡುವಿನಲ್ಲಿ ಯಾರಿಗೂ ಹೇಳದೆ ಮಾಡಿಸಿದ್ದಳು. ಮಗಳಿಗೂ ಹೇಳಿರಲಿಲ್ಲ. ಮೊಮ್ಮಗಳು ಅದನ್ನು ತೆಗೆದು ಫೋಟೋ ನೋಡಿ ಕೇಕೆ ಹಾಕಿ ನಕ್ಕಳು. ಫೋಟೋದಲ್ಲಿ ಬೀಗಿತ್ತಿ ಗದರಿಸುವವಳ ಹಾಗೆ ಕಣ್ಣು ಬಿಟ್ಟಿದ್ದಳು.

ನನಗೆ ಸಿಟ್ಟು ನೆತ್ತಿಗೇರಿತು. ಕೈಯೆಲ್ಲ ಕಡಲೆಹಿಟ್ಟು. ಹಾಗೆಯೇ ತಿರುಗಿ ಹೇಳಿದೆ. “ಮಗಳನ್ನ ಕೊಟ್ಟ ಮನಿಯಾಗ ಹಾಸಿಗಿ ಹುಡುಕೋ ಬೀಗಿತ್ತಿನ್ನ ಇವತ್ತ ನೋಡಿದೆ.”

ಬೆಂಚಿನ ಮೇಲೆ ಹೊರಗಿನವರೂ ಇದ್ದರು. ಸೊಸೆ ಎದ್ದು ಒಳಗೆ ಹೋದಳು. ಮಗ ನನ್ನ ಮುಖವನ್ನೂ ನೋಡಲಿಲ್ಲ, ಅತ್ತೆಯ ಮುಖವನ್ನೂ ನೋಡಲಿಲ್ಲ. ಬೀಗಿತ್ತಿ ಮೊಮ್ಮಗಳ ಕೈಯಿಂದ ಪಾಸ್‌ಪೋರ್ಟು ತೆಗೆದುಕೊಂಡು, ಮೊದಲು ಹೇಗಿತ್ತೋ ಹಾಗೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡಳು. ಆಮೇಲೆ ನನ್ನ ಕಡೆ ನೋಡಿ, “ಎಣ್ಣಿ ಹೊಗಿ ಆಡಾಕ ಹತ್ತೈತ್ರಿ ಯಕ್ಕಾ. ಉರಿ ಸಣ್ಣ ಮಾಡ್ರಿ” ಅಂದಳು. ಅಷ್ಟೇ. ಸಂಜೆ ಎಂದಿನ ಬಸ್ಸಿಗೆ ಹೋದಳು. ಮುಂದಿನ ಭಾನುವಾರ ಬರಲಿಲ್ಲ.

ನಾನು ಮಗನ ಜೊತೆ ಪಾಸ್‌ಪೋರ್ಟಿನ ಆಫೀಸಿಗೆ ಹೋದೆ. ಕಾಗದ ಎಲ್ಲ ಸರಿ ಇದ್ದವು. ಗಾಜಿನ ಮೇಲೆ ಬೆರಳು ಇಡಿ ಅಂದರು, ಇಟ್ಟೆ. ಯಂತ್ರ ಸುಮ್ಮನಿತ್ತು. ಒರೆಸಿ ಇಡಿ ಅಂದರು. ಒತ್ತಿ ಇಡಿ ಅಂದರು. ಕೊನೆಗೆ ಅಲ್ಲಿದ್ದ ಹುಡುಗಿ ನನ್ನ ಕೈ ಹಿಡಿದು ನೋಡಿ, “ಅಜ್ಜಿ, ನಿಮ್ಮ ಬೆರಳಾಗ ಗೆರಿನೇ ಇಲ್ಲಲ್ರಿ” ಅಂದಳು. ಎಲ್ಲಿಂದ ಇರಬೇಕು? ವರ್ಷಾನುಗಟ್ಟಲೆ ಕಾದ ಬಾಣಲೆಯ ಕಿವಿಯನ್ನು ಬಟ್ಟೆ ಇಲ್ಲದೆ ಹಿಡಿದು ಇಳಿಸಿದ್ದೇನೆ. ಕಾದ ಎಣ್ಣೆಯ ಅಂಚಿಗೇ ಬೆರಳು ಒಯ್ದು ಮಿರ್ಚಿ ಬಿಟ್ಟಿದ್ದೇನೆ. ಬೂದಿ ಹಾಕಿ ಪಾತ್ರೆ ತಿಕ್ಕಿದ್ದೇನೆ. ಬೆರಳ ತುದಿ ಹೊಳೆಯ ಕಲ್ಲಿನ ಹಾಗೆ ನುಣ್ಣಗಾಗಿತ್ತು. ಆ ಹುಡುಗಿ ಒಳ್ಳೆಯವಳು. ಹದಿನೈದು ದಿನ ಒಲೆ, ನೀರು ಮುಟ್ಟಬೇಡಿ, ಎಣ್ಣೆ ಹಚ್ಚಿ, ಗೆರೆ ಸ್ವಲ್ಪ ಮೂಡುತ್ತದೆ, ಮತ್ತೆ ಬನ್ನಿ ಎಂದು ಕಳಿಸಿದಳು.

ತಿರುಗಿ ಬರುವಾಗ ಬಸ್ಸಿನಲ್ಲಿ ಮಗ ನನ್ನ ಪಕ್ಕ ಕುಳಿತಿದ್ದ. ಹೊಸಪೇಟೆ ದಾಟಿದ ಮೇಲೆ, “ಅವ್ವಾ, ನಿಂದು ಆಗಲಿಲ್ಲಂದ್ರ... ಅತ್ತಿದು ರೆಡಿ ಐತಿ” ಅಂದ. ತಪ್ಪು ಮಾತೇನಲ್ಲ. ನಾನು ಕಿಟಕಿಯ ಹೊರಗೆ ನೋಡಿದೆ. ಅದು ಹಂಪಿಗೆ ಜನ ಮುಗಿಬೀಳುವ ಕಾಲ. ಹದಿನೈದು ದಿನ ಅಂಗಡಿ ಮುಚ್ಚಿದರೆ ಗಿರಾಕಿ ಬೇರೆ ಕಡೆ ಹೊರಳುತ್ತಾರೆ. ಕೈ ಕಟ್ಟಿ ಕೂರುವುದಂತೂ ನನಗೆ ಹುಟ್ಟಿನಿಂದ ಬರದ ಕೆಲಸ. ಮರುದಿನ ಎಂದಿನಂತೆ ಬಾಣಲೆ ಇಟ್ಟೆ. ಹಾಸಿಗೆ ಕೈಬಿಟ್ಟು ಹೋಯಿತು ಎಂದೇ ತಿಳಿದೆ.

ಮೂರನೆಯ ದಿನ ಬೆಳಿಗ್ಗೆ ಮೊದಲ ಬಸ್ಸಿನಿಂದ ಬೀಗಿತ್ತಿ ಇಳಿದಳು. ಭಾನುವಾರವಲ್ಲ, ಸೋಮವಾರ. ಒಂದು ಕೈಯಲ್ಲಿ ಬಟ್ಟೆಯ ಗಂಟು, ಇನ್ನೊಂದು ಕೈಯಲ್ಲಿ ಔಡಲ ಎಣ್ಣೆಯ ಬಾಟಲಿ. ಮಗಳು ಫೋನಿನಲ್ಲಿ ಎಲ್ಲ ಹೇಳಿದ್ದಳಂತೆ. ಚಪ್ಪಲಿ ಬಿಟ್ಟು ನೇರ ಒಲೆಯ ಹತ್ತಿರ ಬಂದಳು.

“ಸರೀರಿ ಯಕ್ಕಾ. ಆ ಕಡಿ ಕುಂದ್ರಿ.”

“ಯಾಕ?”

“ಯಾಕಂದ್ರ? ಗೆರಿ ಬರಬೇಕೋ ಬ್ಯಾಡೋ? ರೇಷನ್ ಅಂಗಡ್ಯಾಗ ನಮ್ಮ ಹೆಣಮಕ್ಕಳದು ಒಬ್ಬರದೂ ಹೆಬ್ಬೆಟ್ಟು ಹತ್ತತಿರಲಿಲ್ಲ. ನೀರಾಗ ನೆನೆದು ಸವೆದ ಕೈ. ಎಲ್ಲಾರ್ದೂ ನಾನ ಬರಿಸೀನಿ.”

ನನ್ನ ಕೈಯಿಂದ ಮಿರ್ಚಿ ಎತ್ತುವ ಜಾರೆ ಕಿತ್ತುಕೊಂಡಳು. ಹಾಗೆ ಹದಿನೈದು ದಿನ ನನ್ನ ಒಲೆಯ ಮುಂದೆ ನಿಂತಳು. ಬೆಳಿಗ್ಗೆ ಸಂಜೆ ನನ್ನ ಹತ್ತು ಬೆರಳಿಗೂ ಬೆಚ್ಚಗೆ ಮಾಡಿದ ಔಡಲ ಎಣ್ಣೆ ತಿಕ್ಕಿ ಹಳೆಯ ಬಟ್ಟೆ ಸುತ್ತುತ್ತಿದ್ದಳು. ನಾನು ಸುತ್ತಿದ ಕೈ ಮಡಿಲಲ್ಲಿಟ್ಟುಕೊಂಡು ಬೆಂಚಿನ ಮೇಲೆ ಗಿರಾಕಿಯ ಹಾಗೆ ಕುಳಿತಿರುತ್ತಿದ್ದೆ. ಮಗಳನ್ನು ಕೊಟ್ಟ ಮನೆಯಲ್ಲಿ ಬೀಗರು ಉಳಿಯಬಾರದು ಎಂಬ ಪದ್ಧತಿ ಆ ಹದಿನೈದು ದಿನ ನನಗೆ ನೆನಪಾಗಲಿಲ್ಲ.

ಅದು ಬೇಸಿಗೆ ಬೆಳೆಯ ನಾಟಿಯ ಹೊತ್ತು. ಮೆಟ್ರಿಯಲ್ಲಿ ಆಕೆಗೆ ಕೈತುಂಬ ಕೆಲಸ. ಗುಂಪನ್ನು ಇನ್ನೊಬ್ಬಳ ಕೈಗೆ ಕೊಟ್ಟು ಬಂದಿದ್ದಳು. ಅಲ್ಲಿಂದ ಫೋನು ಬರುತ್ತಲೇ ಇರುತ್ತಿತ್ತು. ಫೋನು ಕಿವಿಗೂ ಹೆಗಲಿಗೂ ನಡುವೆ ಸಿಕ್ಕಿಸಿಕೊಂಡು, ಮಿರ್ಚಿ ತಿರುವುತ್ತಾ, “ಲೇ, ಸಸಿ ಕಟ್ಟು ಮದಲ ಬದುವಿಗೆ ಹಾಕಿಸ್ರಿ. ಆಮ್ಯಾಲ ಇಳೀರಿ” ಎಂದು ಇಲ್ಲಿಂದಲೇ ಕೂಗುತ್ತಿದ್ದಳು. ಹಂಪಿ ನೋಡಲು ಬಂದವರು ಬೆಚ್ಚಿ ತಿರುಗಿ ನೋಡುತ್ತಿದ್ದರು.

ಐದನೆಯ ದಿನವೋ ಆರನೆಯ ದಿನವೋ ಕೈಗೆ ಬಟ್ಟೆ ಸುತ್ತುವಾಗ ಕೇಳಿಬಿಟ್ಟೆ. “ಅಲ್ಲ ಬೀಗಿತ್ತಿ, ನನ್ನ ಬೆರಳು ಬರಲಿಲ್ಲಂದ್ರ ಹಾಸಿಗಿ ನಿಮಗ ಬರ್ತಿತ್ತಲ್ಲ. ಸುಮ್ನ ಮನಿಯಾಗ ಇರೋದು ಬಿಟ್ಟು ಇದೇನು?”

ಆಕೆ ಗಂಟು ಬಿಗಿದಳು. “ನನಗ ಹೋಗಬೇಕಂತ ಆಸಿ ಐತ್ರಿ, ಸುಳ್ಳ್ಯಾಕ ಹೇಳ್ಲಿ. ಆದ್ರ ನಿಮ್ಮ ಬೆರಳು ಸವೆದದ್ದಕ್ಕ ನಾ ಹೋದೆ ಅನ್ನಂಗ ಆದ್ರ, ಅಲ್ಲಿ ಕುಂತ್ರೂ ನಿಮ್ಮ ಬೆರಳ ಕಣ್ಣಮುಂದ ಬರ್ತಾವು. ಅದು ಬ್ಯಾಡ ನನಗ.”

ಆಗ ನಾನು ‘ನೀವೇ ಹೋಗಿರಿ’ ಎನ್ನಬಹುದಿತ್ತು. ಅನ್ನಲಿಲ್ಲ. ನಾಲಿಗೆಯ ತುದಿಯ ತನಕ ಬಂದು ನಿಂತಿತು ಎಂದು ಬರೆದರೆ ಚೆನ್ನಾಗಿ ಕಾಣುತ್ತದೆ. ಬರಲೇ ಇಲ್ಲ. ಗಂಟು ಬಿಗಿಯಾಯಿತು, ಸ್ವಲ್ಪ ಸಡಿಲ ಮಾಡಿರಿ ಎಂದೆ.

ಹತ್ತರಲ್ಲಿ ಏಳು ಬೆರಳು ಬಂದವು. ಸಾಕು ಅಂದರು. ಪಾಸ್‌ಪೋರ್ಟು ಬಂತು, ಏಪ್ರಿಲಿನಲ್ಲಿ ರಜೆಯೂ ಬಂತು. ನಾವು ಹೊರಟೆವು. ಅಂಗಡಿ ನೋಡಿಕೊಳ್ಳಲು ಬೀಗಿತ್ತಿಯೇ ಬಂದು ನಿಂತಳು. ಹೊರಡುವಾಗ ಕಟಕ ರೊಟ್ಟಿ, ಶೇಂಗಾ ಚಟ್ನಿಯ ಗಂಟು ಕೊಟ್ಟಳು. ಸೊಸೆಯನ್ನು ಪಕ್ಕಕ್ಕೆ ಕರೆದು, “ಅತ್ತಿನ್ನ ಬರೀ ಕೂಸು ಕಾಯಾಕ ಕರಕೊಂಡು ಹೋಗಬ್ಯಾಡ. ಎರಡು ಸಲನಾರ ಆಟದಾಗ ಕುಂದ್ರಸು. ಆಗ ನೀ ಕೂಸಿನ ಕೂಡ ಇರು” ಎಂದದ್ದು ನನಗೆ ಕೇಳಿಸಿತು. ಕೇಳದವಳ ಹಾಗೆ ಚೀಲ ಕಟ್ಟಿದೆ.

ಆಟದ ಊರಿನ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಈಗ ಎಲ್ಲರೂ ಮೊಬೈಲಿನಲ್ಲಿ ನೋಡುತ್ತಾರೆ. ಬಾಗಿಲು ತೆರೆದ ಕೂಡಲೇ ಜನ ಮುಂದಿನ ಆಟಕ್ಕೆ ಹೊಳೆಯ ಹಾಗೆ ನುಗ್ಗಿದರು. ಮೊಮ್ಮಗಳು ಕ್ಯಾಲೆಂಡರಿನ ನಕ್ಷೆ ಹಿಡಿದು, “ತುದಿ ಮಡಿಗೆ ನಡೀರಿ” ಎಂದು ಕೂಗಿದಳು. ನಾವು ಐವರು ಎಲ್ಲ ಬಿಟ್ಟು ದೂರದ ಅಂಚಿಗೆ ನಡೆದೆವು. ಅಲ್ಲಿ ಆಟ ನಡೆಸುವವರು ಬಿಟ್ಟರೆ ಒಂದು ನರಪಿಳ್ಳೆಯೂ ಇರಲಿಲ್ಲ. ಹತ್ತಿದರು, ಇಳಿದರು, ಮತ್ತೆ ಅದಕ್ಕೇ ಹತ್ತಿದರು. ಜನ ಅತ್ತ ಬರುವ ಹೊತ್ತಿಗೆ ನಾವು ಇತ್ತ ಸರಿದಿದ್ದೆವು. ಹನ್ನೊಂದಕ್ಕೇ ಹೊರಗೆ ಬಂದು ರೊಟ್ಟಿ ಗಂಟು ಬಿಚ್ಚಿದೆವು. ನಾನು ದೋಣಿಯಲ್ಲಿ ಒಂದು ಸಲ, ಸುತ್ತುವ ಕುದುರೆಯ ಮೇಲೆ ಒಂದು ಸಲ ಕುಳಿತೆ. ದೋಣಿ ಮೇಲಿನಿಂದ ಧಡ್ ಎಂದು ನೀರಿಗೆ ಬಿದ್ದಾಗ ಬಾಯಿಗೆ ಬಂದ ಬೈಗುಳ ಅಲ್ಲಿ ಯಾರಿಗೂ ತಿಳಿಯಲಿಲ್ಲ, ಒಳ್ಳೆಯದಾಯಿತು. ಸಂಜೆ ಬಾಗಿಲ ಹತ್ತಿರ ದಾವಣಗೆರೆ ಕಡೆಯ ಒಂದು ಕುಟುಂಬ ಸಿಕ್ಕಿತು. ಬೆಳಿಗ್ಗೆಯಿಂದ ಸಾಲಿನಲ್ಲಿ ನಿಂತು ಅವರಿಗೆ ಮೂರು ಆಟ ಆಗಿದ್ದವು. ನಮಗೆ ಹನ್ನೊಂದು.

ಇನ್ನು ಆ ಐದನೆಯ ಹಾಸಿಗೆ. ಮಲಗಿದರೆ ಕೆಸರಿಗೆ ಇಳಿದ ಹಾಗೆ ಒಳಕ್ಕೆ ಹೋಗುತ್ತಿತ್ತು, ಸೊಂಟ ಹಿಡಿಯುತ್ತಿತ್ತು. ಮೊದಲ ರಾತ್ರಿಯೇ ಎದ್ದು ಚಾದರ ನೆಲಕ್ಕೆ ಹಾಸಿಕೊಂಡೆ. ಅಲ್ಲಿದ್ದಷ್ಟು ದಿನವೂ ನೆಲದ ಮೇಲೆಯೇ ಮಲಗಿದೆ.

ತಿರುಗಿ ಬಂದಾಗ ಮಗ, ಸೊಸೆ, ಮಕ್ಕಳು ದೋಣಿಮಲೈಗೆ ಹೋದರು, ನಾನೊಬ್ಬಳೇ ಕಡ್ಡಿರಾಂಪುರದಲ್ಲಿ ಇಳಿದೆ. ಅಂಗಡಿ ತೊಳೆದು ಇಟ್ಟಿತ್ತು. ಬೆಂಚು ತುಂಬಾ ಜನ. ನಾನು ಬಂದದ್ದನ್ನು ನೋಡಿ ಹಳೆಯ ಗಿರಾಕಿಯೊಬ್ಬ, “ಆಯಮ್ಮನ ಇನ್ನೊಂದು ನಾಕು ದಿನ ಇರಲ್ರಿ, ಮಿರ್ಚಿ ಮಸ್ತ್ ಮಾಡ್ತಾರ” ಅಂದ. ನನ್ನ ಬೆನ್ನ ಮೇಲೆ ಇನ್ನೂ ಚೀಲ ಇತ್ತು. ಬೀಗಿತ್ತಿ ನೀರು ಕೊಟ್ಟಳು. ನಾನು ಕುಡಿದು ಲೋಟ ಇಡುವ ತನಕ ಕಾದು, ಒಂದೇ ಒಂದು ಮಾತು ಕೇಳಿದಳು.

“ತುದಿಯಿಂದ ಹಿಡಿದದ್ದು ಸರಿ ಆತೇನ್ರಿ ಯಕ್ಕಾ?”

ಏಳು ಸಮುದ್ರ ದಾಟಿ ಬಂದವಳನ್ನು ಆಕೆ ಬೇರೆ ಏನೂ ಕೇಳಲಿಲ್ಲ. ಆಕೆಯ ಕೈಯಲ್ಲಿ ನನ್ನ ಜಾರೆ ಇತ್ತು. ನಾನು ಹೇಳಿದೆ. “ಅಯ್ಯ, ಅದೆಲ್ಲ ಅಲ್ಲಿ ನಡಿಯಂಗಿಲ್ಲ ಬೀಗಿತ್ತಿ. ಗದ್ದಿ ಬ್ಯಾರೆ, ಅದು ಬ್ಯಾರೆ. ಹೆಂಗ ಬಂತೋ ಹಂಗ ಅಡ್ಡಾಡಿದಿವಿ.”

“ಹೌದ್ರಿ?” ಎಂದಳು. ಸ್ವಲ್ಪ ಹೊತ್ತು ನನ್ನ ಮುಖ ನೋಡಿದಳು. “ಇರ್ಲಿ ಬಿಡ್ರಿ” ಎಂದು ಬಾಣಲೆಯ ಕಡೆ ತಿರುಗಿ ಬೆಂದ ಮಿರ್ಚಿ ಎತ್ತಿದಳು. ಸಂಜೆಯ ಬಸ್ಸಿಗೆ ಹೋದಳು.

ನಾನು ಬಾಯಿ ಬಿರುಸಿನವಳು, ಸುಳ್ಳಿಯಲ್ಲ. ಆವತ್ತು ಯಾಕೆ ಹೇಳಿದೆ ಎಂದು ಬಹಳ ಸಲ ಯೋಚಿಸಿದ್ದೇನೆ. ಹಾಸಿಗೆ ನನ್ನದು, ಅಂಗಡಿ ನನ್ನದು, ಎರಡು ಕಡೆಯೂ ಆಕೆಯದೇ ನಡೆಯಿತು ಎಂಬ ಉರಿ ಇರಬೇಕು. ಬೇರೆ ಕಾರಣ ಸಿಕ್ಕಿಲ್ಲ.

ಮುಂದಿನ ಸಲ ನೀವೇ ಬರಬೇಕು ಅತ್ತಿ ಎಂದು ಮಗ ಆಕೆಗೆ ಮಾತು ಕೊಟ್ಟಿದ್ದ. ಮರುವರ್ಷ ಅವನಿಗೆ ರಜೆ ಸಿಗಲಿಲ್ಲ. ಅದರ ಮುಂದೆ ಕೊರೋನಾ ಬಂದು ಲೋಕವೇ ಬಾಗಿಲು ಹಾಕಿಕೊಂಡು ಕುಳಿತಿತು. ಬಾಗಿಲು ತೆರೆದ ಮೇಲಿನ ಮಳೆಗಾಲದಲ್ಲಿ, ನಾಟಿ ಮುಗಿದ ವಾರ, ಬೀಗಿತ್ತಿಗೆ ಕಾಮಾಲೆ ಆಯಿತು. ಕಣ್ಣು ಹಳದಿ ಆದರೂ ಗದ್ದೆಗೆ ಹೋಗಿದ್ದಳಂತೆ. ಹನ್ನೊಂದು ದಿನ ಮಲಗಿ ತೀರಿಕೊಂಡಳು. ಅಷ್ಟರೊಳಗೆ ನಾನು ಎರಡು ಸಲ ಹೋಗಿ ನೋಡಿದ್ದೆ. ಎರಡನೆಯ ಸಲ ಮಾತು ನಿಂತಿತ್ತು. ಮೊದಲನೆಯ ಸಲ ಹೇಳಬಹುದಿತ್ತು... ಅಂಗಡಿಯ ಮಾತು, ಮಳೆಯ ಮಾತು ಆಡಿ ಎದ್ದು ಬಂದೆ.

ಕಳೆದ ವಾರ ಎಣ್ಣೆ ತಿಕ್ಕಿಕೊಳ್ಳುತ್ತಿದ್ದ ಮೊಮ್ಮಗಳಿಗೆ, “ನಿಮ್ಮ ಮೆಟ್ರಿ ಅಜ್ಜಿ ನನ್ನ ಬೆರಳಿಗೆ ಇದನ್ನ ಹಚ್ಚತಿದ್ಲು” ಅಂದೆ. ಅವಳು ಅದಕ್ಕೆ ಇನ್ನೊಂದು ಮಾತು ಹೇಳಿದಳು. ಸಿಂಗಪುರದಲ್ಲಿ ದಿನಾ ಸಂಜೆ ಆ ಅಜ್ಜಿಗೆ ಫೋನ್ ಮಾಡುತ್ತಿದ್ದದ್ದು ನನಗೂ ಗೊತ್ತಿತ್ತು. ನಾನು ಊಟ ತಿಂಡಿಯ ಮಾತು ಎಂದುಕೊಂಡಿದ್ದೆ. ಹನ್ನೊಂದು ಆಟ ಆದದ್ದು, ತುದಿಯಲ್ಲಿ ಯಾರೂ ಇರದಿದ್ದದ್ದು, ಎಲ್ಲ ಆವತ್ತಾವತ್ತೇ ಹೇಳಿದ್ದಳಂತೆ. ಅಜ್ಜಿ ಕೇಳಿ ಕೇಳಿ ಎರಡೆರಡು ಸಲ ಹೇಳಿಸಿಕೊಂಡಳಂತೆ. ನಾನು ನೆಲದ ಮೇಲೆ ಮಲಗುವುದನ್ನೂ ಹೇಳಿದ್ದಳಂತೆ.

“ಅದಕ್ಕೇನಂದ್ಲು?” ಎಂದು ಕೇಳಿದೆ.

“ಹಾಸಿಗಿ ಖಾಲಿ ಬಿಡಬ್ಯಾಡ, ನೀ ಅದರ ಮ್ಯಾಲೆ ಮಲ್ಕೋ ಅಂದ್ಲು. ಅದಕ್ಕ ನಾ ಎರಡನೇ ದಿನದಿಂದ ಅಲ್ಲಿ ಮಲಗಿದ್ದು.”

ಹಾಗಾದರೆ ನೀರು ಕೊಟ್ಟು ಕೇಳಿದಾಗ ಆಕೆಗೆ ಎಲ್ಲ ಗೊತ್ತಿತ್ತು. ಗೊತ್ತಿದ್ದೇ ಕೇಳಿದ್ದಳು. ನನ್ನ ಬಾಯಿಂದ ಒಂದು ಸಲ ಕೇಳಬೇಕಿತ್ತು, ಅಷ್ಟೇ.

ಈ ಭಾನುವಾರ ಮಗ ಮತ್ತೆ ಸಿಂಗಪುರದ ಮಾತು ತೆಗೆದ. ಮೊಮ್ಮಗ ಈಗ ಎತ್ತರ ಆಗಿದ್ದಾನೆ, ದೊಡ್ಡ ಆಟಕ್ಕೆ ಬಿಡುತ್ತಾರೆ. ಅವ್ವಾ ಬರುತ್ತೀಯೇನು ಎಂದು ಕೇಳಿದ. ಮೊಣಕಾಲು ಕೇಳುವುದಿಲ್ಲ, ನೀವು ನಾಲ್ವರೇ ಹೋಗಿರಿ ಎಂದೆ. ಅದು ತ್ಯಾಗವಲ್ಲ, ಮೊಣಕಾಲು ನಿಜವಾಗಿಯೂ ಕೇಳುವುದಿಲ್ಲ. ಅಕ್ಕಿ ಹಸನು ಮಾಡುತ್ತಿದ್ದ ಸೊಸೆ ಮೊರದಿಂದ ತಲೆ ಎತ್ತದೆ ಗಂಡನಿಗೆ ಹೇಳಿದಳು. “ಹಂಗಾರ ಐದನೇ ಹಾಸಿಗಿ ಬ್ಯಾಡಂತ ಹೇಳಿಬಿಡ್ರಿ.”

ಆವತ್ತು ಗಿರಾಕಿಗಳ ಮುಂದೆ ತನ್ನ ಅವ್ವನ ಮೇಲೆ ನಾನು ಆಡಿದ ಮಾತನ್ನು ಸೊಸೆ ಇಷ್ಟು ವರ್ಷದಲ್ಲಿ ಒಂದು ಸಲವೂ ಎತ್ತಿಲ್ಲ. ನಾನೂ ಎತ್ತಿಲ್ಲ. ಮಗ ಎದ್ದು ಹೊರಗೆ ಹೋದ ಮೇಲೆ ನಾನು ಹೇಳಿದೆ. “ಈ ಸಲನೂ ತುದಿಯಿಂದನ ಹಿಡೀರವ್ವಾ. ನಿಮ್ಮವ್ವ ಹೇಳಿದ್ದ ಖರೇ ಇತ್ತು.”

ಸೊಸೆಯ ಕೈ ನಿಂತಿತು. “ಗೊತ್ತೈತ್ರಿ ಅತ್ತಿ” ಅಂದಳು. ಮತ್ತೆ ಅಕ್ಕಿ ಆರಿಸತೊಡಗಿದಳು.

ಎಲ್ಲರಿಗೂ ಗೊತ್ತಿತ್ತು. ಹೇಳದೆ ಉಳಿದವಳು ನಾನೊಬ್ಬಳೇ. ಈಗ ಹೇಳಿದ್ದೇನೆ, ಆದರೆ ಮಗಳಿಗೆ ಹೇಳಿದ್ದು ತಾಯಿಗೆ ಮುಟ್ಟುವುದಿಲ್ಲ...